ಗದಗ ಜಿಲ್ಲೆ ಉದಯ: ತುಂಬಲಾರದ ನಷ್ಟ

ಹೊಳೆಯಪ್ಪ: ಮೊದಲ ಕೈ ತೆಗಿ. ಈ ಪೇಪರ ನಾಳೆ ಪ್ರದರ್ಶನಕ್ಕ ಹೋಗೂದಿಲ್ಲ ಅಂದ್ರ ಹೋಗೂದಿಲ್ಲ!

ಕರೀಮಸಾಬ: ಹೋಗೂದ! ಇಪ್ಪತ್ತೈದು ವರ್ಷ ಟ್ರಂಕಿನ್ಯಾಗ ಬೇವಿನ ತಪ್ಪಲ ಹಾಕಿ ಕಾಯ್ದೇನಿ. ಹಂಗ ಜಗ್ಗಬ್ಯಾಡಲೇ, ಹರೀತೈತಿ.

ಹೊಳೆಯಪ್ಪ: ಹರಿಯಾಕನ ಬಂದೇನಿ.

ಕರೀಮಸಾಬ: ಇದಕ್ಕ ಬಂದಿ ಅಲ್ಲಾ? ನನ್ನ ಮಗಳ ನಿಕಾಕ್ಕ ಕಾರ್ಡು ಕಳಿಸಿದ್ದೆ. ಆವಾಗ ಯಾಕ ಬರಲಿಲ್ಲ?

ಹೊಳೆಯಪ್ಪ: ಕಾರ್ಡಿನ ಮ್ಯಾಲೆ ನನ್ನ ಹೆಸರು ಏನಂತ ಬರದಿದ್ದಿ? 'ಹಳೆಯಪ್ಪ'! ಹೊಳೆಯಪ್ಪ ಅಂತ ಬರಿಯಾಕೂ ಬರೂದಿಲ್ಲ ನಿನಗ.

ಕರೀಮಸಾಬ: ಬರಿಯೂ ಹೊತ್ತಿಗೆ ಹೊಳೆಯಪ್ಪ ಇದ್ದಿ. ಪೋಸ್ಟು ಮುಟ್ಟೂದ್ರಾಗ ಹಳೆಯಪ್ಪ ಆಗಿದ್ದಿ.

ಬೆಟಗೇರಿಯ ಒಂದು ಸಣ್ಣ ಮನೆಯ ಪಡಸಾಲೆಯಲ್ಲಿ ಎಪ್ಪತ್ತರ ಅಂಚಿನ ಇಬ್ಬರು ಗಂಡಸರು ಒಂದೇ ಹಳದಿ ಹಾಳೆಯ ಎರಡು ತುದಿ ಹಿಡಿದು ನಿಂತಿದ್ದರು. ಇಬ್ಬರೂ ಒಂದು ಕಾಲಕ್ಕೆ ಗದಗಿನ 'ಅವಳಿಪೇಟೆ ಸಮಾಚಾರ' ಎಂಬ ಸಂಜೆ ಪತ್ರಿಕೆಯಲ್ಲಿದ್ದವರು. ಹೊಳೆಯಪ್ಪ ಸುದ್ದಿಗೆ ತಲೆಬರಹ ಕೊಟ್ಟು ತಪ್ಪು ತಿದ್ದುವ ಸಹ ಸಂಪಾದಕ. ಕರೀಮಸಾಬ ಸೀಸದ ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಕಟ್ಟುವ ಕಂಪೋಜಿಟರ್. ಗದಗ ಹೊಸ ಜಿಲ್ಲೆಯಾದ ದಿನ ಹೊರಟ ಸಂಚಿಕೆಯೇ ಈಗ ಅವರ ಕೈಯಲ್ಲಿ ಹಗ್ಗದ ಹಾಗೆ ಬಿಗಿಯಾಗಿತ್ತು. ಜಿಲ್ಲೆಗೆ ಇಪ್ಪತ್ತೈದು ತುಂಬಿದ್ದಕ್ಕೆ ನಾಳೆ ಹಳೆಯ ಪತ್ರಿಕೆಗಳ ಪ್ರದರ್ಶನ. ಈ ಹಾಳೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆಂದು ಕೇಳಿ ಹೊಳೆಯಪ್ಪ ಲಕ್ಷ್ಮೇಶ್ವರದಿಂದ ಬೆಳಗಿನ ಬಸ್ಸಿಗೇ ಬಂದಿಳಿದಿದ್ದ. ಕರೀಮಸಾಬನ ಹೊಸ್ತಿಲು ತುಳಿದು ಅವನಿಗೂ ಇಪ್ಪತ್ತೈದು ವರ್ಷವಾಗಿತ್ತು.

ಕರೀಮಸಾಬ: ನೋಡು, ಈ ಅಂಚಿನ ಬಳ್ಳಿ ನೋಡು. ಒಂದೊಂದು ಎಲಿ ಚಿಮಟಾದಲೆ ಇಟ್ಟೇನಿ. ಇಂಥಾ ಪುಟ ಗದಗದಾಗ ಯಾರು ಕಟ್ಯಾರ?

ಹೊಳೆಯಪ್ಪ: ಬಳ್ಳಿ ಬಿಡು. ದೊಡ್ಡ ಅಕ್ಷರ ಏನೈತಿ, ಬಾಯಿ ಬಿಟ್ಟು ಓದು.

ಕರೀಮಸಾಬ: "ಗದಗ ಜಿಲ್ಲೆ ಉದಯ."

ಹೊಳೆಯಪ್ಪ: ಅದರ ಕೆಳಗ?

ಕರೀಮಸಾಬ: (ಕೆಮ್ಮಿ) "ತುಂಬಲಾರದ ನಷ್ಟ, ನೇಕಾರರ ಕಂಬನಿ."

ಹೊಳೆಯಪ್ಪ: ಬಾಜೂಕ?

ಕರೀಮಸಾಬ: "ಜವಳಿ ವರ್ತಕ ದುಂಡಪ್ಪನವರ ನಿಧನ."

ಹೊಳೆಯಪ್ಪ: ಅದರ ಕೆಳಗ?

ಕರೀಮಸಾಬ: "ಮನೆಮನೆಯಲ್ಲೂ ಹಬ್ಬ; ಪಟಾಕಿ ಸಿಡಿಸಿ, ಪೇಡೆ ಹಂಚಿ ಸಂಭ್ರಮ."

ಹೊಳೆಯಪ್ಪ: ಹುಟ್ಟಿದ್ದಕ್ಕ ಅತ್ತೇವಿ, ಸತ್ತದ್ದಕ್ಕ ಪೇಡೆ ಹಂಚೇವಿ. ಎರಡು ಸಾಲು ಅದಲುಬದಲು! ಕೆಳಗ ನೋಡು, "ಸಹ ಸಂಪಾದಕ: ಹೊಳೆಯಪ್ಪ." ಇದನ್ನ ಗಾಜಿನ್ಯಾಗ ಇಟ್ಟು ದೀಪಾ ಹಚ್ಚತಾರಂತ. ನನ್ನ ಮೊಮ್ಮಗಳು ಸೌಂದರ್ಯಾ ಇಲ್ಲೇ ಗದಗದಾಗ ಕಾಲೇಜು ಕಲಿತಾಳ. ಗೆಳತ್ಯಾರನ ಕರಕೊಂಡು ನೋಡಾಕ ಬರತಾಳ.

ಕರೀಮಸಾಬ: ಬರಲಿ. ನಮ್ಮಜ್ಜ ಹಿಂಗ ತಪ್ಪು ತಿದ್ದತಿದ್ದ ಅಂತ ತೋರಸ್ಲಿ.

ಹೊಳೆಯಪ್ಪ: ನಾ ತಿದ್ದಿ ಕೊಟ್ಟಾಗ ಸರಿ ಇತ್ತು!

ಕರೀಮಸಾಬ: ನಾ ಕಟ್ಟಿ ಇಟ್ಟಾಗೂ ಸರಿ ಇತ್ತು!

ಹೊಳೆಯಪ್ಪ: ಹಂಗಾದ್ರ ಆ ಸಾಲುಗೋಳು ತಾವ ಎದ್ದು ಒಂದರ ಮನಿಗೆ ಇನ್ನೊಂದು ನಡಕೊಂತ ಹೋದ್ವೇನು?

ಆ ಸಂಚಿಕೆ ಹೊರಬಿದ್ದ ಮರುದಿನ ದುಂಡಪ್ಪನವರ ಮಕ್ಕಳು ಇಪ್ಪತ್ತು ಜನರನ್ನು ಕಟ್ಟಿಕೊಂಡು ಪ್ರೆಸ್ಸಿಗೆ ಬಂದಿದ್ದರು. ಮಾಲೀಕರು ಹೊಳೆಯಪ್ಪನನ್ನು ಅಲ್ಲಿಯೇ, ಎಲ್ಲರ ಮುಂದೆಯೇ ಮನೆಗೆ ಕಳಿಸಿದರು. ಹೋಗುವ ಮುನ್ನ ಹೊಳೆಯಪ್ಪ ಬೆರಳು ಮಾಡಿ, "ಈ ಕರೀಮಗ ಕಣ್ಣು ಕಾಣೂದಿಲ್ರಿ, ತಪ್ಪು ಅವಂದು" ಎಂದಿದ್ದ. ಕರೀಮಸಾಬನ ಕೆಲಸವೇನೋ ಉಳಿಯಿತು. ಆ ಮಾತು ಮಾತ್ರ ಅವನ ಎದೆಯಿಂದ ಏಳಲಿಲ್ಲ.

ಕರೀಮಸಾಬ: ಒಂದು ತಪ್ಪು ಹಿಡಕೊಂಡು ಇಷ್ಟು ಕುಣಿತೀಯಲ್ಲ, ಉಳದ ಸುದ್ದಿ ನೋಡು. ಒಂದ ಕಾಮಾ ತಪ್ಪಿಲ್ಲ. ಎಲ್ಲಾ ಸರಿ ಐತಿ.

ಹೊಳೆಯಪ್ಪ: ಎಲ್ಲಾ ಸರಿ? ಓದು ನೋಡೂನು, ಯಾವುದು ಸರಿ ಐತಿ.

ಕರೀಮಸಾಬ: "ಇನ್ನು ಧಾರವಾಡಕ್ಕೆ ಅಲೆದಾಟವಿಲ್ಲ."

ಹೊಳೆಯಪ್ಪ: ಖರೆ ಬಿಡು. ಮೊದಲ ಧಾರವಾಡಕ್ಕ ಹೋಗಿ "ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ" ಅಂತ ಕೇಳಿ ಬರತಿದ್ವಿ. ಈಗ ಗದಗದಾಗ ಕೇಳತೇವಿ. ಧಾರವಾಡಕ್ಕ ಹೋದಾಗ ಊಟಾ ಛಲೋ ಸಿಗತಿತ್ತು, ಅದೂ ಹೋತು.

ಕರೀಮಸಾಬ: "ಅವಳಿ ನಗರಕ್ಕೆ ಇಪ್ಪತ್ನಾಲ್ಕು ತಾಸು ನೀರು."

ಹೊಳೆಯಪ್ಪ: ಭಾಬಿ! ನಳ ಯಾವಾಗ ಬಂದಿತ್ರಿ?

ಒಳಬಾಗಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದ ಕರೀಮಸಾಬನ ಹೆಂಡತಿ ಬೀಬಿಜಾನ ಮೊರದಿಂದ ತಲೆ ಎತ್ತಲಿಲ್ಲ.

ಬೀಬಿಜಾನ: ಹೋದ ಸೋಮವಾರದ ಹಿಂದಿನ ಸೋಮವಾರ ಬಂದಿತ್ತು ಅಣ್ಣಾರ. ಆದ್ರ ಪೇಪರಿನ್ಯಾಗ ಸುಳ್ಳೇನ ಬರದಿಲ್ಲ. ಇಪ್ಪತ್ನಾಲ್ಕು ತಾಸೂ ನಳದ ಹಾದಿ ನೋಡತೇವಿ.

ಕರೀಮಸಾಬ: ನೀ ಸುಮ್ಮಿರು. ಚಹಾಕ್ಕಿಡು.

ಬೀಬಿಜಾನ: ಯಾ ನೀರಿನ್ಯಾಗ ಇಡ್ಲಿ? ಸುದ್ದಿ ಒಳಗ ಬಂದದ್ದರಾಗೋ, ಕೊಡದಾಗ ಇದ್ದದ್ದರಾಗೋ?

ಹೊಳೆಯಪ್ಪನಿಗೆ ನಗು ಬಂತು. ಬಂದ ನಗೆಯನ್ನು ಮೀಸೆಯಲ್ಲೇ ಒತ್ತಿ ಹಿಡಿದ. ಹಾಳೆಯ ತುದಿಯನ್ನು ಮಾತ್ರ ಬಿಟ್ಟ. ಕರೀಮಸಾಬ ಅದನ್ನು ಸಣ್ಣ ಮೇಜಿನ ಮೇಲೆ ಹರಡಿದ. ಇಬ್ಬರೂ ಎದುರು ಬದುರು ಕುಳಿತರು.

ಹೊಳೆಯಪ್ಪ: ಮುಂದ ಓದು.

ಕರೀಮಸಾಬ: "ಬೆಟಗೇರಿ ನೇಕಾರರಿಗೆ ಶೀಘ್ರ ಸುವರ್ಣಕಾಲ: ಸಚಿವರ ಭರವಸೆ."

ಹೊಳೆಯಪ್ಪ: ಬರೂ ಹಾದ್ಯಾಗ ನಿಮ್ಮ ಓಣ್ಯಾಗ ನೋಡಿದೆ. ಒಂದು ಮನ್ಯಾಗ ಮಗ್ಗದ ಮ್ಯಾಲೆ ಚಾದರ ಒಣಾ ಹಾಕ್ಯಾರ. ಇನ್ನೊಂದು ಮನ್ಯಾಗ ಮಗ್ಗದ ಕುಣಿಯೊಳಗ ಕೋಳಿ ತತ್ತಿ ಇಟ್ಟೈತಿ. ಸುವರ್ಣಕಾಲ ಕೋಳಿಗೆ ಬಂದೈತಿ.

ಕರೀಮಸಾಬ: 'ಶೀಘ್ರ' ಅಂದೆ ನೋಡು, ನೆನಪಾತು. ಆ ದಿನ ನೀ ಬರದು ಕೊಟ್ಟದ್ದರಾಗ ಶೀಘ್ರ ಅನ್ನೂ ಶಬ್ದ ಹನ್ನೊಂದು ಸರ್ತಿ ಇತ್ತು. ಶೀಘ್ರ ರಸ್ತೆ, ಶೀಘ್ರ ಆಸ್ಪತ್ರೆ, ಶೀಘ್ರ ಕಾಲೇಜು. ನನ್ನ ಖಾನೆದಾಗ 'ಘ' ಅನ್ನೂ ಮೊಳಿ ಇದ್ದದ್ದ ಆರು!

ಹೊಳೆಯಪ್ಪ: ಮತ್ತ ಉಳದ ಐದಕ್ಕ?

ಕರೀಮಸಾಬ: 'ಆದಷ್ಟು ಬೇಗ' ಅಂತ ಹಾಕಿದೆ.

ಹೊಳೆಯಪ್ಪ: ಹಂಗಾದ್ರ ಅವು ಇನ್ನೂ ಆಗಬೇಕಾದವು. ಶೀಘ್ರದವು ಅವಧಿ ಮುಗಿದು ಸತ್ತುಹೋದವು.

ಕರೀಮಸಾಬ: "ಮುಂಡರಗಿ, ಶಿರಹಟ್ಟಿ ಜನತೆಗೆ ಬೃಹತ್ ಕಾರ್ಖಾನೆ."

ಹೊಳೆಯಪ್ಪ: ಮುಂಡರಗಿಯವರು ತಮ್ಮೂರಿಗೆ ಬೇಕಂದ್ರು. ಶಿರಹಟ್ಟಿಯವರು ತಮ್ಮೂರಿಗೆ ಬೇಕಂದ್ರು. ಸಚಿವರು, ಜಗಳ ಬ್ಯಾಡ, ಎರಡರ ನಡುವ ಕಟ್ಟಸ್ತೇನಿ ಅಂದ್ರು. ಆ ನಡುವು ಎಲ್ಲಿ ಬರತೈತಿ ಅಂತ ಇನ್ನೂ ಅಳಿಯಾಕ ಹತ್ಯಾರ.

ಕರೀಮಸಾಬ: "ಇಂದು ಒಣಹವೆ, ಮಳೆ ಸಂಭವವಿಲ್ಲ."

ಹೊಳೆಯಪ್ಪ: ಅವತ್ತ ಸುರಿದ ಮಳ್ಯಾಗ ಸಮಾರಂಭದ ಪೆಂಡಾಲು ಕುಸಿದು ಸಚಿವರ ತಲಿಮ್ಯಾಲೆ ನೀರು ಸುರೀತು. ಇಪ್ಪತ್ನಾಲ್ಕು ತಾಸು ನೀರು ಅಂದಿದ್ರಲ್ಲ, ಅವರಿಗೆ ಮಾತ್ರ ಅಲ್ಲೇ ಕೊಟ್ಟುಬಿಟ್ರು.

ಈಗ ಕರೀಮಸಾಬನೂ ನಕ್ಕ. ಒಳಗಿನಿಂದ ಮೊರದ ಸದ್ದು ಸ್ವಲ್ಪ ಜೋರಾಯಿತು.

ಕರೀಮಸಾಬ: ತಡಿ, ಒಂದು ಖರೆ ಸುದ್ದಿನೂ ಐತಿ. ಮೂಲ್ಯಾಗ ನೋಡು. "ಹೊಂಬಳದಿಂದ ಎಮ್ಮೆ ತಪ್ಪಿಸಿಕೊಂಡಿದೆ. ಬಲಗೊಂಬು ಮೊಂಡು. ಸಿಕ್ಕವರು ತಿಳಿಸಬೇಕು."

ಹೊಳೆಯಪ್ಪ: ಸಿಕ್ಕತಲ್ಲ ಅದು! ಮೂರನೇ ದಿನಕ್ಕ ಸಿಕ್ಕತು. ಆ ರೈತ ಪ್ರೆಸ್ಸಿನ ಬಾಗಿಲಿಗೆ ಹಾಲು ತಂದಿದ್ದನಂತ, ನಾ ಊರು ಸೇರಿದ ಮ್ಯಾಲೆ ಕೇಳಿದೆ.

ಕರೀಮಸಾಬ: ಇಡೀ ಪೇಪರಿನ್ಯಾಗ ಮಾತು ಉಳಿಸಿಕೊಂಡದ್ದು ಎಮ್ಮಿ ಒಂದ.

ಹೊಳೆಯಪ್ಪ: ಅದಕ್ಕ ಯಾರೂ ಭರವಸೆ ಕೊಟ್ಟಿದ್ದಿಲ್ಲ, ಅದಕ್ಕ ಬಂತು.

ಇಬ್ಬರೂ ಕಣ್ಣೀರು ಬರುವಷ್ಟು ನಕ್ಕರು. ನಕ್ಕು ಸುಸ್ತಾದ ಮೇಲೆ ಹೊಳೆಯಪ್ಪ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. ದನಿ ತಗ್ಗಿತು.

ಹೊಳೆಯಪ್ಪ: ಊರಿಗೆ ಹೋಗಿ ಏನು ಮಾಡಿದೆ ಗೊತ್ತೈತೇನು? ಕಚೇರಿ ಮುಂದ ಬೇವಿನ ಗಿಡದ ಬುಡಕ ಕುಂತು ಅರ್ಜಿ ಬರದೆ. ಇದ ಕೈಲೇ "ಶೀಘ್ರ ನೀರು ಬರುತ್ತದೆ" ಅಂತ ಬರದಿದ್ದೆ. ಇದ ಕೈಲೇ "ನೀರು ಬಂದಿಲ್ಲ, ದಯವಿಟ್ಟು ಕೊಡಿಸಬೇಕು" ಅಂತ ಇಪ್ಪತ್ತು ವರ್ಷ ಬರದೆ. ಒಂದು ನಮೂನಿ ಪ್ರಾಯಶ್ಚಿತ್ತ ಅನ್ನು.

ಕರೀಮಸಾಬ: ನನಗ ಕಣ್ಣು ಕಾಣೂದಿಲ್ಲ ಅಂತ ಅಂದಿದ್ದಕ್ಕ ಏನು ಮಾಡಿದಿ?

ಹೊಳೆಯಪ್ಪ: ಅದಕ್ಕೇನೂ ಮಾಡಿಲ್ಲ.

ಕರೀಮಸಾಬ: ಹುಂ.

ಹೊಳೆಯಪ್ಪ: ಕರೀಮಾ, ಈಗರ ಖರೆ ಹೇಳು. ನಾ ತಿದ್ದಿ ಕೊಟ್ಟೆ, ನೀ ಪುಟಾ ಕಟ್ಟಿ ಪ್ರೆಸ್ಸಿನ ಕಲ್ಲಿನ ಮ್ಯಾಲೆ ಇಟ್ಟಿ. ಅಚ್ಚು ಹಾಕೂ ಮಾಶಾಕ ಬಂದು ಮಶೀನು ಓಡಸೂತನಾ ನೀ ಅಲ್ಲೇ ಇದ್ದಿ?

ಕರೀಮಸಾಬ: ಇದ್ದೆ.

ಹೊಳೆಯಪ್ಪ: ನನ್ನ ಕಣ್ಣಾಗ ಕಣ್ಣಿಟ್ಟು ಹೇಳು.

ಕರೀಮಸಾಬ: (ಕಣ್ಣು ತಪ್ಪಿಸಿ) ಒಂದೀಟು ಹೊರಗ ಹೋಗಿದ್ದೆ. ಮೆರವಣಿಗಿ ಬಂತು, ಪಟಾಕಿ ಹಚ್ಚಿದ್ರು. ಪೇಡೆ ಕೊಡಾಕ ಹತ್ತಿದ್ರು. ನೀ ಒಳಗ ಅದೀಯಲ್ಲ ಅಂತ ಹೋದೆ.

ಹೊಳೆಯಪ್ಪ: ನಾ ಒಳಗಿದ್ದಿಲ್ಲಲೇ! ನೀ ಒಳಗ ಅದಿ ಅಂತ ತಿಳಕೊಂಡು ನಾನೂ ಹಿಂದಿನ ಬಾಗಿಲಲೆ ಪೇಡೆಕ್ಕ ಹೋಗಿದ್ದೆ!

ಕರೀಮಸಾಬ: ಮಾಲೀಕರ ಮುಂದ "ನಾ ಜಾಗಾ ಬಿಟ್ಟು ಎದ್ದಿಲ್ರಿ" ಅಂತ ಅಂದಿ?

ಹೊಳೆಯಪ್ಪ: ನೀನೂ ಅದನ್ನ ಅಂದಿ!

ಪೇಡೆಯ ಆಸೆಗೆ ಇಬ್ಬರೂ ಸುಳ್ಳು ಹೇಳಿ, ಒಬ್ಬರ ಸುಳ್ಳನ್ನು ಇನ್ನೊಬ್ಬರು ನಂಬಿ ಇಷ್ಟು ವರ್ಷ ದ್ವೇಷ ಸಾಕಿದ್ದರು.

ಕರೀಮಸಾಬ: ಹಂಗಾದ್ರ ಒಳಗ ಯಾರಿದ್ರು?

ಬೀಬಿಜಾನ: ನಾ ಇದ್ದೆ.

ಮೊರ ಕೆಳಗಿಟ್ಟು, ಸೆರಗಿನ ಹೊಟ್ಟು ಕೊಡವಿ, ಬೀಬಿಜಾನ ಎದ್ದು ಬಂದಳು. ಆಗ ಅವಳು ದಿನಾ ಮಧ್ಯಾಹ್ನ ಗಂಡನಿಗೆ ಬುತ್ತಿ ತಂದು ಸಂಜೆಯವರೆಗೆ ಪ್ರೆಸ್ಸಿನಲ್ಲೇ ಇರುತ್ತಿದ್ದಳು. ಹಿಂದಿನ ದಿನದ ಪುಟ ಬಿಚ್ಚಿ, ಮೊಳೆಗಳನ್ನು ಆಯಾ ಖಾನೆಗೆ ತಿರುಗಿ ಹಾಕುವುದು ಅವಳ ಪಾಲಿನ ಕೆಲಸ.

ಕರೀಮಸಾಬ: ನೀ ಇದ್ದಿ ಅಂದ್ರ ಯಾರರ ಒಳಗ ಬಂದದ್ದು ನೋಡಿರಬೇಕಲ್ಲ?

ಬೀಬಿಜಾನ: ಯಾರೂ ಬರಲಿಲ್ಲ. ಆ ಎರಡು ಸಾಲು ಬದಲು ಮಾಡಿದಾಕಿ ನಾನ.

ಕರೀಮಸಾಬ: ಸುಳ್ಳು! ನಿನಗ ಓದಾಕ ಬರೂದಿಲ್ಲ!

ಬೀಬಿಜಾನ: ಯಾರು ಹೇಳಿದ್ರು?

ಕರೀಮಸಾಬ: ಯಾರು ಹೇಳೂದೇನು, ನೀ ಶಾಲಿ ಕಂಡಾಕಿ ಅಲ್ಲ. ಆಕಾರ ನೋಡಿ ಖಾನೆಕ್ಕ ಹಾಕತಾಳ ಅಂತ ಅನಕೊಂಡಿದ್ದೆ.

ಬೀಬಿಜಾನ: ಹನ್ನೊಂದು ವರ್ಷ ಸಾವಿರ ಸಾವಿರ ಮೊಳಿ ಖಾನೆಕ್ಕ ಹಾಕೇನಿ. ಒಂದ ದಿನ 'ಪ' ಇದ್ದಲ್ಲಿ 'ಷ' ಸಿಕ್ಕೈತೇನು ನಿಮಗ? ಆಕಾರ ನೋಡೂ ಎಮ್ಮಿ ಅಂತ ಅನಕೊಂಡಿದ್ರಿ, ಅಲ್ಲಾ? ತಲಿಕೆಳಗಾದ ಅಕ್ಷರ ನಿಮಗಿಂತ ಜಲ್ದಿ ಓದತೇನಿ.

ಹೊಳೆಯಪ್ಪ: ಭಾಬಿ, ಅದು ಹೋಗ್ಲಿ. ಯಾಕ ಮಾಡಿದ್ರಿ? ನಾ ನಿಮಗೇನು ಮಾಡಿದ್ದೆ?

ಬೀಬಿಜಾನ ಮೇಜಿನ ಆಚೆ ತುದಿಗೆ ಕುಳಿತಳು. ಹಾಳೆಯಲ್ಲಿ ದುಂಡಪ್ಪನ ಹೆಸರಿನ ಮೇಲೆ ಬೆರಳಿಟ್ಟಳು.

ಬೀಬಿಜಾನ: ನಮ್ಮ ಅಮ್ಮಾ ಮಗ್ಗದಾಕಿ. ನನಗ ಆವಾಗ ಹನ್ನೆರಡು ವರ್ಷ. ಹತ್ತೊಂಬತ್ತು ದಿನಾ ಕುಂತು ಒಂದು ಸೀರಿ ನೇಯ್ದಿದ್ಲು, ಕೆಂಪು ದಡಿದು. ಇಬ್ಬರೂ ಕೂಡಿ ದುಂಡಪ್ಪನ ಅಂಗಡಿಗೆ ಒಯ್ದಿವಿ. ಗಿರಾಕಿ ಮುಂದ ಆ ಸೀರಿ ಬಿಚ್ಚಿದ. ದಡಿ ಸೊಟ್ಟ ಐತಿ ಅಂದ. ಅದರಲೇ ತನ್ನ ಸ್ಕೂಟರಿನ ಸೀಟು ಒರಸಿ ರಾಡ್ಯಾಗ ಒಗದ. ಎಲ್ಲಾರೂ ನಕ್ಕರು. ಅಮ್ಮಾ ಒಂದು ಮಾತಾಡಲಿಲ್ಲ. ಮನಿಗೆ ಬಂದು ಸೀರಿ ತೊಳದ್ಲು. ಮರುದಿನ ಮತ್ತ ಅವನ ಅಂಗಡಿಗೇ ನೂಲು ತರಾಕ ಹೋದ್ಲು.

ಹೊಳೆಯಪ್ಪ ಹಾಳೆಯ ಮಡಿಕೆಯನ್ನು ಬೆರಳಿನಿಂದ ಸರಿಪಡಿಸಿದ.

ಬೀಬಿಜಾನ: ಆ ದಿನ ಕಲ್ಲಿನ ಮ್ಯಾಲಿನ ಪುಟಾ ಓದಿದೆ. ದುಂಡಪ್ಪ ಸತ್ತ, ತುಂಬಲಾರದ ನಷ್ಟ, ನೇಕಾರರ ಕಂಬನಿ ಅಂತ ಇತ್ತು. ನಮ್ಮ ಓಣ್ಯಾಗಿಂದ ನಡಕೊಂಡು ಬಂದಿದ್ದೆ ಅಣ್ಣಾರ, ಒಬ್ಬರ ಕಣ್ಣೂ ಹಸಿ ಇದ್ದಿದ್ದಿಲ್ಲ. ನೀವು ಯಾವ ನೇಕಾರರನ ಕೇಳಿ ಬರದ್ರಿ?

ಹೊಳೆಯಪ್ಪ: ಯಾರನ್ನೂ ಕೇಳಿಲ್ಲ. ದೊಡ್ಡವರು ಸತ್ರ ಹಂಗ ಬರಿಯೂದು, ವೈನಾಗಿ ಕಾಣತೈತಿ ಅಂತ ಬರದೆ.

ಬೀಬಿಜಾನ: ನಾ ತಪ್ಪು ಮಾಡಿಲ್ಲ, ತಿದ್ದೇನಿ. ತಿದ್ದೂದು ನಿಮ್ಮ ಕೆಲಸಾ, ನೀವು ಪೇಡೆಕ್ಕ ಹೋಗಿದ್ರಿ.

ಕರೀಮಸಾಬ: ಅದು ಸರಿ. ಆದ್ರ ಜಿಲ್ಲಾ ಏನು ಮಾಡಿತ್ತು? ಅದಕ್ಕ್ಯಾಕ ಅಳೂ ಸಾಲು ಹಚ್ಚಿದಿ?

ಬೀಬಿಜಾನ: ಅವನ ಸಾಲು ತಗದೆ, ಹಬ್ಬದ ಸಾಲು ಅವನಿಗೆ ಕೊಟ್ಟೆ. ತಗದದ್ದು ಕೈಯಾಗ ಉಳೀತು. ಜಿಲ್ಲಾದ ಕೆಳಗ ಜಾಗಾ ಖಾಲಿ ಇತ್ತು, ಅಲ್ಲಿಟ್ಟೆ. ಎರಡೂ ಸರಿಯಾಗಿ ಅಳತಿಗೆ ಕುಂತವು.

ಹೊಳೆಯಪ್ಪ: ಇಪ್ಪತ್ತೈದು ವರ್ಷದ ಮ್ಯಾಲೂ ಅಳತಿಗೆ ಕುಂತಾವ! ಆದ್ರ ಭಾಬಿ, ನನ್ನ ನೌಕರಿ ಹೋತು. ಒಂದು ಮಾತು ಹೇಳಬಾರದಿತ್ತೇನು?

ಬೀಬಿಜಾನ: ಹೇಳಿದ್ದೆ. ನಿಮ್ಮ ನೌಕರಿ ಹೋತು ಅಂತ ಕೇಳಿ ಎರಡು ದಿನಾ ಊಟಾ ಸೇರಲಿಲ್ಲ. ಮೂರನೇ ದಿನಾ ಲಕ್ಷ್ಮೇಶ್ವರಕ್ಕ ಬಂದು ನಿಮ್ಮ ಮನ್ಯಾಗ ಎಲ್ಲಾ ಹೇಳಿದ್ದೆ. ನೀವು ಇದ್ದಿದ್ದಿಲ್ಲ. ಗದಿಗೆವ್ವಕ್ಕ ಇದ್ಲು.

ಹೊಳೆಯಪ್ಪ ಗಡಬಡಿಸಿ ಫೋನು ತೆಗೆದ. ಅವನ ಹೆಂಡತಿ ಗದಿಗೆವ್ವನ ದನಿ ಪಡಸಾಲೆ ತುಂಬ ಕೇಳಿಸಿತು.

ಗದಿಗೆವ್ವ: ಹೌದು, ಗೊತ್ತಿತ್ತು. ಏನೀಗ?

ಹೊಳೆಯಪ್ಪ: ಗೊತ್ತಿತ್ತಾ? ಮತ್ತ ನನಗ್ಯಾಕ ಹೇಳಲಿಲ್ಲ?

ಗದಿಗೆವ್ವ: ಹೇಳಿದ್ರ ಮತ್ತ ಆ ಮಾಲೀಕನ ಕಾಲು ಹಿಡಿಯಾಕ ಓಡತಿದ್ರಿ. ವಾರಕ್ಕೊಮ್ಮಿ ಮನಿಗೆ ಬಂದು ಪಲ್ಯಾದಾಗ ತಪ್ಪು ತಿದ್ದಿ ಹೋಗತಿದ್ರಿ. ಗಿಡದ ಬುಡಕ ಕುಂತ ಮ್ಯಾಲೆ ಮನಷ್ಯಾ ಆದ್ರಿ. ಮಂದಿ ಹುಡಿಕ್ಕೊಂಡು ಬಂದು ನಿಮ್ಮ ಕೈಲೇ ಬರಸ್ತಾರ. ಬೀಬಿಜಾನಗ ನಾನ ಅಂದಿದ್ದೆ, ಬಾಯಿ ಬಿಡಬ್ಯಾಡ ಅಂತ. ಆಕಿನ ಏನರ ಅಂದ್ರ ನೋಡ್ರಿ.

ಫೋನು ಬಂದಾಯಿತು. ಹೊಳೆಯಪ್ಪ ಅದನ್ನು ಕಿಸೆಗೆ ಹಾಕಿ ಕರೀಮಸಾಬನ ಕಡೆ ತಿರುಗಿದ.

ಹೊಳೆಯಪ್ಪ: ಕರೀಮಾ, ನಿನ್ನ ಕಣ್ಣು ಛಲೋ ಇದ್ದವು. ಆ ಮಾತು ನಾ ಅನಬಾರದಿತ್ತು.

ಕರೀಮಸಾಬ: ಏ, ಈಗ ಖರೇನ ಕಾಣೂದಿಲ್ಲ ಬಿಡು. ಏನು ಮಾಡೂದು ಪೇಪರ? ಹರೀತೀಯೇನು?

ಹೊಳೆಯಪ್ಪ: ಯಾಕ ಹರೀಲಿ? ಹೋಗ್ಲಿ ಪ್ರದರ್ಶನಕ್ಕ. ಬಾಜೂಕ ಒಂದು ತಿದ್ದುಪಡಿ ಬರದು ಅಂಟಸೂನು, ಹಾಳಿ ತಾ.

ಕರೀಮಸಾಬ ಬಿಳಿ ಹಾಳೆ ತಂದ. ಹೊಳೆಯಪ್ಪ ಕನ್ನಡಕ ಏರಿಸಿ, ಪೆನ್ನು ಜಾಡಿಸಿ, "ತಿದ್ದುಪಡಿ" ಎಂದು ಬರೆದು ಕೆಳಗೆ ಗೆರೆ ಎಳೆದ.

ಹೊಳೆಯಪ್ಪ: "ಅಂದಿನ ಸಂಚಿಕೆಯಲ್ಲಿ ಮುದ್ರಣ ದೋಷದಿಂದ..."

ಬೀಬಿಜಾನ: ದೋಷ ಅಂತ ಬರಿಬ್ಯಾಡ್ರಿ.

ಹೊಳೆಯಪ್ಪ: ಮತ್ತ ಏನಂತ ಬರೀಲಿ ಭಾಬಿ?

ಬೀಬಿಜಾನ: ಬೀಬಿಜಾನ ಮಾಡಿದ್ದು ಅಂತ ಬರೀರಿ. ಹನ್ನೊಂದು ವರ್ಷ ಊರ ಮಂದಿ ಹೆಸರೆಲ್ಲಾ ಬಿಚ್ಚಿ ಖಾನೆಕ್ಕ ಹಾಕೇನಿ. ನನ್ನ ಹೆಸರು ಒಂದ ಸರ್ತಿನೂ ಬಂದಿಲ್ಲ.

ಹೊಳೆಯಪ್ಪ ಅವಳ ಗಂಡನ ಮುಖ ನೋಡಿದ. ಕರೀಮಸಾಬ, "ಬರಿ, ಬರಿ. ದೊಡ್ಡ ಅಕ್ಷರದಾಗ ಬರಿ" ಎಂದ. ಹೊಳೆಯಪ್ಪ ಆ ದೋಷದ ಸಾಲನ್ನು ಹೊಡೆದುಹಾಕಿ ನಿಧಾನಕ್ಕೆ, ಉರುಟು ಅಕ್ಷರಗಳಲ್ಲಿ ಬರೆಯತೊಡಗಿದ: "ಈ ಎರಡು ಸಾಲುಗಳನ್ನು ಅಂದು ತಿದ್ದಿದವರು ಶ್ರೀಮತಿ ಬಿಬಿಜಾನ, ಬೆಟಗೇರಿ."

ಮೇಜಿನ ಆಚೆ ಕುಳಿತು ಹಾಳೆಯನ್ನು ತಲೆಕೆಳಗಾಗಿಯೇ ಓದುತ್ತಿದ್ದ ಬೀಬಿಜಾನ ಬೆರಳು ಚಾಚಿ ಅವನ ಪೆನ್ನು ತಡೆದಳು.

ಬೀಬಿಜಾನ: 'ಬೀ'ಕ್ಕ ದೀರ್ಘ ಹಾಕ್ರಿ ಅಣ್ಣಾರ. ನಿಮ್ಮನ ಮಾಲೀಕರು ನೌಕರಿ ಬಿಡಿಸಿದ್ದು ಬರೊಬ್ಬರಿನ ಐತಿ.